ನಿಧಾನಕ್ಕೆ ರೆಸಾರ್ಟ್ ಯಾಕೆ?

ಅವಸರ ಬಿಟ್ಟು ನಿಧಾನವಾಗಿ ಬದುಕುವ ಬಗ್ಗೆ ಬಂದ ಲೇಖನ ಓದಿದೆ, ಚೆನ್ನಾಗಿದೆ. ಆದರೆ ನಿಧಾನವಾಗಿ ಬದುಕೋಕೆ ಆಗಾಗ ರೆಸಾರ್ಟ್‌ಗೆ ಹೋಗಿ, ಫೋನ್ ಆಫ್ ಮಾಡಿ ಅನ್ನುವ ಸಲಹೆ ಮಾತ್ರ ಯಾಕೋ ಒಪ್ಪಿಗೆಯಾಗಲಿಲ್ಲ. ಅಲ್ಲಿಗೂ ರಜೆ ಹೊಂದಿಸಿಕೊಂಡು ಓಡಿಕೊಂಡೇ ಹೋಗಬೇಕು ಅಲ್ವಾ?

ನಾನು ಕೊಪ್ಪಳದವನು. ಒಮ್ಮೆ ನಮ್ಮ ಪಕ್ಕದ ಕಿನ್ನಾಳಕ್ಕೆ ಬನ್ನಿ. ಗೊಂಬೆ ಮಾಡುವವರ ಹತ್ತಿರ ಸುಮ್ನೆ ಕೂತು ನೋಡಿ. ಹಗುರ ಮರ ಕೆತ್ತಿ, ಬಿಡಿ ಭಾಗಗಳನ್ನು ಅಂಟಿಸಿ ಕೂಡಿಸುತ್ತಾರೆ. ಗೋಣಿಚೀಲದ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಅದಕ್ಕೆ ಕಿಟ್ಟ ಅಂತಾರೆ. ಅದನ್ನು ಗೊಂಬೆಗೆ ಮೆತ್ತಿದ ಮೇಲೆ ಒಣಗಬೇಕು. ಆಮೇಲೆ ಬಿಳಿ ಬಳಿಯಬೇಕು, ಅದೂ ಒಣಗಬೇಕು. ಬಣ್ಣದ ಸರದಿ ಬರೋದು ಕೊನೆಗೆ. ಹಸಿ ಇರುವಾಗಲೇ ಅವಸರ ಮಾಡಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಗೊಂಬೆಗೆ ಜಾಸ್ತಿ ರೇಟು ಅಂತ ಚೌಕಾಸಿ ಮಾಡುವವರು ಇದನ್ನೊಮ್ಮೆ ನೋಡಬೇಕು.

ಹಾಗಂತ ನಿಧಾನ ಎಲ್ಲರ ಕೈಯಲ್ಲಿಲ್ಲ. ಮೆಣಸಿನಕಾಯಿ ಬಿಡಿಸಲು ಹೋಗುವ ಕೂಲಿಯವರಿಗೆ "ಸ್ವಲ್ಪ ಆರಾಮಾಗಿರಿ" ಅಂದರೆ ಆ ದಿನದ ಕೂಲಿ ಯಾರು ಕೊಡ್ತಾರೆ? ಲೇಖಕರು ಇದರ ಬಗ್ಗೆಯೂ ಎರಡು ಸಾಲು ಬರೆಯಬೇಕಿತ್ತು.

ನಮ್ಮಂಥ ಸಂಬಳದವರಿಗೆ ಆ ನೆಪ ಇಲ್ಲ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುವಾಗಲಾದರೂ ಫೋನ್ ಜೇಬಿನಲ್ಲಿರಲಿ. ಬಾಣಲೆಯಿಂದ ಈಗ ತೆಗೆದ ಮಿರ್ಚಿಯನ್ನು ಹೇಗೂ ಗಬಗಬ ತಿನ್ನೋಕಾಗಲ್ಲ!