ಹಳೇ ಸೀರೆ, ಅರ್ಧ ಲೀಟರ್ ಕುಂಕುಮದ ನೀರು

ಹೆರಿಗೆ ಮಾಡಿಸುವುದನ್ನು ಆನ್‌ಲೈನ್‌ನಲ್ಲಿ ಕಲಿಸೋಕೆ ಆಗುತ್ತಾ? ಮೊನ್ನೆ ಒಂದು ಮೀಟಿಂಗ್‌ನಲ್ಲಿ ಈ ಮಾತು ಬಂತು. ಅರ್ಧ ಜನ "ಥಿಯರಿ ಪೂರ್ತಿ ಆನ್‌ಲೈನ್ ಮಾಡಿಬಿಡಿ, ಖರ್ಚು ಉಳಿಯುತ್ತೆ" ಅಂದರು. ಇನ್ನರ್ಧ ಜನ "ಅದೆಲ್ಲ ದಂಡ" ಅಂದರು. ನಾನು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಓದುವ ಹುಡುಗಿಯರಿಗೆ ಮಿಡ್‌ವೈಫರಿ, ಹೆರಿಗೆ ಮಾಡಿಸುವ ಪಾಠ ಮಾಡುವವಳು. ಅಲ್ಲಿ ಸುಮ್ನೆ ಕೂತಿದ್ದೆ. ಇಲ್ಲಿ ಬರೆಯುತ್ತೇನೆ.

2020ರ ಮಾರ್ಚ್‌ನಲ್ಲಿ ಕಾಲೇಜು ಬಂದ್ ಆದಾಗ ಎರಡು ವಾರ ಪಿಪಿಟಿ ಓದಿ ಹೇಳಿದೆ. ಆ ಕಡೆ ಸಾಲು ಸಾಲು ಕಪ್ಪು ಚೌಕ. ಯಾರದೋ ಮೈಕ್ ಆಫ್ ಆಗಿರಲಿಲ್ಲ, ಕುಕ್ಕರ್ ಕೂಗಿತು. ನನ್ನ ಪ್ರಶ್ನೆಗೆ ಸಿಕ್ಕ ಉತ್ತರ ಅದೊಂದೇ.

ಆಮೇಲೆ ಪಿಪಿಎಚ್, ಅಂದರೆ ಹೆರಿಗೆ ನಂತರದ ಅತಿಯಾದ ರಕ್ತಸ್ರಾವದ ಪಾಠ ಬಂತು. ನಾರ್ಮಲ್ ಹೆರಿಗೆಯಾದ ಮೇಲೆ 500 ಮಿಲೀ ರಕ್ತ ಹೋದರೆ ಅಪಾಯ ಅಂತ ಹುಡುಗಿಯರು ಬಾಯಿಪಾಠ ಮಾಡಿರುತ್ತಾರೆ. ಆದರೆ 500 ಮಿಲೀ ಬಟ್ಟೆ ಮೇಲೆ ಹೇಗೆ ಕಾಣುತ್ತೆ? ನಾನೇ ಒಂದು ಹಳೇ ಹತ್ತಿ ಸೀರೆ ಮೇಲೆ ಅರ್ಧ ಲೀಟರ್ ಕುಂಕುಮದ ನೀರು ಸುರಿದು ಫೋಟೋ ಕಳಿಸಿದೆ. ಎಷ್ಟಿರಬಹುದು ಅಂತ ಕೇಳಿದರೆ ಹೆಚ್ಚಿನವರು 200 ಅಂದರು. ಬಟ್ಟೆ ಕುಡಿದದ್ದು ಕಣ್ಣಿಗೆ ಕಾಣಲ್ಲ ನೋಡಿ. "ನೀವೂ ಅಳೆದು ಸುರೀರಿ" ಅಂದೆ. ಮನೆಮನೆಯಲ್ಲೂ ಸುರಿದರು. "ಶುಕ್ರವಾರದ ದಿನ ಏನೇ ಇದು ನಿನ್ನ ಅವತಾರ!" ಅಂತ ಒಬ್ಬಳ ತಾಯಿ ಬೈದದ್ದು ಇಡೀ ಕ್ಲಾಸಿಗೆ ಕೇಳಿಸಿತು. ಕಾಲೇಜಿನ ಲ್ಯಾಬ್‌ನಲ್ಲಾಗಿದ್ದರೆ ಒಬ್ಬಳು ಸುರಿಯುತ್ತಿದ್ದಳು, ಉಳಿದವರು ಹಿಂದೆ ನಿಂತು ಇಣುಕುತ್ತಿದ್ದರು.

ಇನ್ನೊಂದು ಲಾಭ ಕನ್ನಡದ್ದು. ನಮ್ಮಲ್ಲಿ ಕನ್ನಡ ಮೀಡಿಯಂನಿಂದ ಬಂದವರೇ ಜಾಸ್ತಿ, ಪುಸ್ತಕ ಮಾತ್ರ ಇಂಗ್ಲಿಷ್. ಪಾರ್ಟೋಗ್ರಾಫ್, ಅಂದರೆ ಹೆರಿಗೆ ಹೇಗೆ ಮುಂದುವರಿಯುತ್ತಿದೆ ಅಂತ ಗುರುತು ಹಾಕುವ ಚಾರ್ಟ್ ತುಂಬುವುದನ್ನು ಕನ್ನಡದಲ್ಲಿ ಹೇಳಿ ಆರು ನಿಮಿಷದ ವಾಯ್ಸ್ ನೋಟ್ ಹಾಕಿದೆ. ಪಾತ್ರೆ ತೊಳೆಯುತ್ತಾ ಹತ್ತು ಸಲ ಕೇಳಿದೆ ಮೇಡಂ ಅಂದಳು ಒಬ್ಬಳು. ಕ್ಲಾಸಿನಲ್ಲಿ ಎರಡನೇ ಸಲ ಕೇಳೋಕೂ ಹೆದರುತ್ತಿದ್ದವಳು.

ಹಾಗಾಗಿ "ದಂಡ" ಅಂದವರ ಮಾತು ಒಪ್ಪಲ್ಲ. ಅವರು ಸೂಲಗಿತ್ತಿ ನರಸಮ್ಮನವರ ಹೆಸರು ತೆಗೆಯುತ್ತಾರೆ. ಪಾವಗಡದ ಕಡೆಯ ಆ ಅಜ್ಜಿ ಶಾಲೆ ಮೆಟ್ಟಿಲು ಹತ್ತದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಬಂತು. ನಿಜ. ಅಂಥ ಕೈ ಎಲ್ಲರಿಗೂ ಬರಲ್ಲ. ಆದರೆ ಬಿಪಿ 140/90 ದಾಟಿದ್ದು ಯಾವ ಕೈಗೂ ಗೊತ್ತಾಗಲ್ಲ. ಅದಕ್ಕೆ ಓದು ಬೇಕು.

ಖರ್ಚು ಉಳಿಸುವವರ ಮೇಲೆ ನನಗೆ ಇನ್ನೂ ಜಾಸ್ತಿ ಸಿಟ್ಟು. ಬಂದ್ ಇದ್ದ ತಿಂಗಳುಗಳಲ್ಲಿ ವಾರ್ಡಿಗೆ ಕಾಲಿಡದೆಯೇ ಹುಡುಗಿಯರ ಕೇಸ್ ಬುಕ್‌ಗಳು, ನೋಡಿದ ಕೇಸುಗಳನ್ನು ಬರೆದಿಡುವ ಪುಸ್ತಕಗಳು, ತುಂಬಿದವು. ಎಲ್ಲ ಬಾಣಂತಿಯರಿಗೂ ಒಂದೇ ಬಿಪಿ, 110/70! ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಆನ್‌ಲೈನ್‌ನಿಂದ ಉಳಿದ ಗಂಟೆಗಳನ್ನು ಲೇಬರ್ ರೂಮ್‌ಗೆ ಕೊಡಿ, ಅದರಲ್ಲೂ ನೈಟ್ ಡ್ಯೂಟಿಗೆ. ಕ್ಲಾಸ್ ತೆಗೆದು ಅಲ್ಲಿ ರಜೆ ಇಡಬೇಡಿ.

ಮತ್ತೆ ವಾರ್ಡ್ ಶುರುವಾದ ದಿನ, ಪರೀಕ್ಷೆಯಲ್ಲಿ ಮೊದಲು ಬರುತ್ತಿದ್ದ ಹುಡುಗಿಯನ್ನೇ ಮುಂದೆ ಕರೆದೆ. ಹೊಟ್ಟೆ ಮುಟ್ಟಿ ನೋಡುವ ವಿಡಿಯೋ ಅವಳಿಗೆ ಕಂಠಪಾಠ. ಹೆರಿಗೆ ನೋವಿನಲ್ಲಿದ್ದ ಒಬ್ಬ ಹೆಂಗಸಿನ ಹೊಟ್ಟೆ ಮೇಲೆ ಕೈ ಇಟ್ಟ ತಕ್ಷಣ ಆಕೆ "ಕೈ ಎಷ್ಟು ತಣ್ಣಗೈತವ್ವಾ" ಅಂತ ಮುದುರಿಕೊಂಡಳು. ಹುಡುಗಿ ಕೈ ಉಜ್ಜಿಕೊಂಡು ಮತ್ತೆ ಇಟ್ಟಳು. ಮಗುವಿನ ತಲೆ ಎಲ್ಲಿ, ಬೆನ್ನೆಲ್ಲಿ, ಒಂದೂ ಸಿಗಲಿಲ್ಲ. ಅಷ್ಟರಲ್ಲಿ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಗಾಬರಿಯಾಗಿ ಕೈ ತೆಗೆಯೋಕೆ ಹೋದಳು. ನಾನು ಅವಳ ಕೈ ಮೇಲೆ ಕೈ ಇಟ್ಟು ಹಿಡಿದೆ. "ಒತ್ತಬೇಡ, ಸುಮ್ನೆ ಇಟ್ಟಿರು, ಎಣಿಸು." ನಲವತ್ತಕ್ಕೆ ಸಡಿಲವಾಯಿತು. ಮುಂದಿನ ನೋವು ಬಂದಾಗ ಆ ಹೆಂಗಸು ಬಾಯಿ ಬಿಡುವ ಮೊದಲೇ ಇವಳು ಪಿಸುಗುಟ್ಟಿದಳು, "ಬಂತು ಮೇಡಂ."