ಬೊಗೋಟಾಕ್ಕೆ ಹೋಗುವವರು ಮೊದಲು ಫೋನಿನ ಯೋಜನೆ ಮಾಡಿ, ಆಮೇಲೆ ಟಿಕೆಟ್ಟು

ಕೊಲಂಬಿಯಾದ ರಾಜಧಾನಿ ಬೊಗೋಟಾಕ್ಕೆ ಹೊರಟಿದ್ದೀವಿ ಅಂದರೆ ಸಾಕು, ‘ಅಲ್ಲಿ ಡ್ರಗ್ಸ್ ಗ್ಯಾಂಗಿನ ಕಾಟ ಅಲ್ವಾ’ ಅನ್ನೋ ಪ್ರಶ್ನೆ ಬರುತ್ತೆ. ಡ್ರಗ್ಸ್ ದೊರೆ ಪಾಬ್ಲೊ ಎಸ್ಕೋಬಾರ್ ಸತ್ತಿದ್ದು 1993ರಲ್ಲಿ, ಅದೂ ಮೆಡೆಯಿನ್ ನಗರದಲ್ಲಿ. ಇವತ್ತು ಬೊಗೋಟಾದಲ್ಲಿ ಪ್ರವಾಸಿ ಹೆಚ್ಚಾಗಿ ಕಳಕೊಳ್ಳುವುದು ಕೈಯಲ್ಲಿರುವ ಫೋನನ್ನು. ಅದು ಹೋದರೆ ಜೊತೆಗೆ ಏನೇನು ಹೋಗುತ್ತೆ ಲೆಕ್ಕ ಹಾಕಿ: ಟ್ಯಾಕ್ಸಿ ಆ್ಯಪ್, ಮ್ಯಾಪ್, ಹೋಟೆಲ್ ಬುಕಿಂಗ್, ಬ್ಯಾಂಕಿನ ಓಟಿಪಿ, ಪಾಸ್‌ಪೋರ್ಟ್ ಫೋಟೊ. ಹತ್ತು ಸಾವಿರದ ಕಳ್ಳತನ ಇಡೀ ಪ್ರವಾಸವನ್ನೇ ಕೆಡಿಸೋದು ಹೀಗೆ. ಆದ್ದರಿಂದ ತಯಾರಿಯೂ ಅಲ್ಲಿಂದಲೇ ಶುರುವಾಗಬೇಕು.

ಮನೆಯಲ್ಲಿ ಬಿದ್ದಿರುವ ಹಳೇ ಫೋನಿಗೆ ಭಾರತದ ಸಿಮ್ ಹಾಕಿ, ಎಸ್ಸೆಮ್ಮೆಸ್ ಬರುವಷ್ಟು ರೋಮಿಂಗ್ ಇಟ್ಟು, ಹೋಟೆಲ್ ಕೋಣೆಯ ಲಾಕರಿನಲ್ಲೇ ಬಿಡಿ. ಓಟಿಪಿ ಅಲ್ಲಿಗೆ ಬರಲಿ. ಹೊರಗೆ ಒಯ್ಯುವ ಫೋನಿಗೆ ಇ-ಸಿಮ್ ಸಾಕು, ಅದರಲ್ಲಿ ಬ್ಯಾಂಕಿನ ಆ್ಯಪ್ ಬೇಡ. ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಇರಲಿ, ಒಂದು ಜೇಬಲ್ಲಿ, ಒಂದು ಲಾಕರಿನಲ್ಲಿ. ನಮ್ಮ ಕಾರ್ಡುಗಳಲ್ಲಿ ವಿದೇಶಿ ಬಳಕೆ ಸಾಮಾನ್ಯವಾಗಿ ಬಂದ್ ಆಗಿರುತ್ತೆ. ಹೊರಡುವ ಮೊದಲೇ ಎಟಿಎಂಗೂ ಅಂಗಡಿ ಬಳಕೆಗೂ ಬೇರೆ ಬೇರೆಯಾಗಿ ಆನ್ ಮಾಡಿ, ದಿನದ ಮಿತಿ ಕಡಿಮೆ ಇಡಿ. ಹೋಟೆಲ್ ವಿಳಾಸ, ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ನಂಬರು, ಬ್ಯಾಂಕಿನ ನಂಬರು, ಇಷ್ಟನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬೊಗೋಟಾ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯಾಹ್ನ ಫೋನ್ ಕಳೆದರೆ ಇಲ್ಲಿ ಮನೆಯವರು ಗಾಢ ನಿದ್ದೆಯಲ್ಲಿರ್ತಾರೆ.

ಕಸಿಯುವ ರೀತಿ ಹೆಚ್ಚುಕಡಿಮೆ ಒಂದೇ. ಟ್ರಾನ್ಸ್‌ಮಿಲೇನಿಯೊ ಬಸ್ಸಿನಲ್ಲಿ ಬಾಗಿಲ ಪಕ್ಕ ನಿಂತು ಫೋನ್ ನೋಡುತ್ತಿದ್ದರೆ, ಬಾಗಿಲು ಮುಚ್ಚುವ ಕ್ಷಣಕ್ಕೆ ಕಾದು ಕಿತ್ತುಕೊಂಡು ಇಳಿದುಬಿಡ್ತಾರೆ. ನೀವು ಒಳಗೆ, ಅವನು ಹೊರಗೆ. ಫುಟ್‌ಪಾತಿನ ಅಂಚಲ್ಲಿ ಮ್ಯಾಪ್ ನೋಡುತ್ತಾ ನಿಂತರೆ ಬೈಕು ಬರುತ್ತೆ. ಟ್ಯಾಕ್ಸಿಯ ಕಿಟಕಿ ಇಳಿಸಿ ಫೋನ್ ಹಿಡಿದು ಕೂತರೆ ಸಿಗ್ನಲ್ಲಿನಲ್ಲಿ ಕೈ ಒಳಗೆ ಬರುತ್ತೆ. ಫೋನ್ ನೋಡಲೇಬೇಕಾದರೆ ಯಾವುದಾದರೂ ಅಂಗಡಿಯ ಒಳಗೆ ಹೋಗಿ ನೋಡಿ. ಚಾಕು ತೋರಿಸಿ ಕೇಳಿದರೆ ಕೊಟ್ಟುಬಿಡಿ, ವಾದ ಬೇಡ. ತುರ್ತು ನಂಬರ್ 123.

ಇನ್ನೊಂದು ಉಪಾಯ, ಮ್ಯಾಪ್ ನೋಡದೆ ನಡೆಯೋದನ್ನು ಕಲಿಯೋದು. ಬೊಗೋಟಾದಲ್ಲಿ ಇದು ನಿಜಕ್ಕೂ ಸಾಧ್ಯ. ‘ಕಾಯೆ’ ಅಂದರೆ ಪೂರ್ವ-ಪಶ್ಚಿಮ ರಸ್ತೆ, ಊರಿನ ಮಧ್ಯದಿಂದ ಉತ್ತರಕ್ಕೆ ಹೋದಂತೆ ನಂಬರ್ ಏರುತ್ತೆ. ‘ಕರೇರಾ’ ಉತ್ತರ-ದಕ್ಷಿಣ ರಸ್ತೆ, ಪೂರ್ವದ ಬೆಟ್ಟದಿಂದ ಪಶ್ಚಿಮಕ್ಕೆ ಸರಿದಂತೆ ಏರುತ್ತೆ. ಬೆಟ್ಟ ಊರಿನ ಬಹುತೇಕ ಕಡೆಯಿಂದ ಕಾಣುತ್ತೆ. ಅದು ನಿಮ್ಮ ಬಲಕ್ಕಿದ್ದರೆ ನೀವು ಉತ್ತರಕ್ಕೆ ಹೋಗುತ್ತಿದ್ದೀರಿ. ‘ಕಾಯೆ 85, 12-30’ ಅಂತ ವಿಳಾಸ ಇದ್ದರೆ, 85ನೇ ಕಾಯೆಯಲ್ಲಿ, 12ನೇ ಕರೇರಾದ ಮೂಲೆಯಿಂದ ಸುಮಾರು 30 ಮೀಟರ್ ದೂರ ಅಂತ ಅರ್ಥ. ಎಡವಟ್ಟಾಗೋದು ‘ಸುರ್’ ಅನ್ನೋ ಪುಟ್ಟ ಪದದಲ್ಲಿ. ಸುರ್ ಅಂದರೆ ದಕ್ಷಿಣ. 26ನೇ ಕಾಯೆ ಬೇರೆ, 26ನೇ ಕಾಯೆ ಸುರ್ ಬೇರೆ. ಒಂದನ್ನು ಬಿಟ್ಟು ಇನ್ನೊಂದನ್ನು ಟೈಪ್ ಮಾಡಿದರೆ ಕತ್ತಲಾದ ಮೇಲೆ ಗೊತ್ತಿಲ್ಲದ ಬಡಾವಣೆಯಲ್ಲಿ ಇಳಿದಿರ್ತೀರಿ.

ಉಳಿಯುವ ಜಾಗದ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಲಾ ಕಾಂಡೆಲಾರಿಯಾ ಹಳೇ ಪೇಟೆ, ಚೆಂದದ ಜಾಗ, ಬೊಲಿವರ್ ಚೌಕವೂ ಬೊಟೆರೊ ಮ್ಯೂಸಿಯಮ್ಮೂ ಅಲ್ಲೇ, ಚಿನ್ನದ ಮ್ಯೂಸಿಯಂ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಅಗ್ಗದ ಹಾಸ್ಟೆಲ್ ಸಿಗುತ್ತೆ ಅಂತ ಮೊದಲ ಸಲ ಹೋಗುವವರು ಬುಕ್ ಮಾಡ್ತಾರೆ. ಬೇಡ. ಸಂಜೆ ಕಚೇರಿ, ಕಾಲೇಜು ಮುಚ್ಚಿದ ಮೇಲೆ ಆ ಬೀದಿಗಳು ಖಾಲಿ ಹೊಡೆಯುತ್ತವೆ. ಹಗಲು ಹೋಗಿ, ಐದಕ್ಕೆಲ್ಲ ಹೊರಟುಬಿಡಿ. ವರ್ಷವಿಡೀ ಆರು ಗಂಟೆ ಸುಮಾರಿಗೆ ಕತ್ತಲಾಗುತ್ತೆ. ಪಕ್ಕದಲ್ಲೇ ಇರುವ ಸಾಂತಾ ಫೆ, ಸಾನ್ ಬರ್ನಾರ್ದೊ ಕಡೆ ಸುಮ್ಮನೆ ಅಲೆಯಲು ಹೋಗಬೇಡಿ. ಚಾಪಿನೇರೊದ ಸೋನಾ ಹೇ (Zona G), ಪಾರ್ಕೆ 93, ಉಸಾಕೆನ್, ಈ ಮೂರರಲ್ಲಿ ಒಂದು ಕಡೆ ಉಳಿಯಿರಿ. ಬಾಡಿಗೆ ಜಾಸ್ತಿ, ಟ್ರಾಫಿಕ್ಕೂ ಜಾಸ್ತಿ, ಆದರೆ ರಾತ್ರಿ ಊಟ ಮುಗಿಸಿ ನಾಲ್ಕು ಹೆಜ್ಜೆ ಹಾಕಬಹುದು. ಭಾನುವಾರ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ಸಿಕ್ಲೊವಿಯಾ ಅಂತ ದೊಡ್ಡ ರಸ್ತೆಗಳನ್ನೇ ಸೈಕಲ್ಲು, ಕಾಲ್ನಡಿಗೆಗೆ ಬಿಟ್ಟುಕೊಡ್ತಾರೆ. ಊರು ನೋಡಲು ಅದಕ್ಕಿಂತ ನಿರಾಳ ಹೊತ್ತು ಇನ್ನೊಂದಿಲ್ಲ.

ರಸ್ತೆಯಲ್ಲಿ ಹೋಗುವ ಹಳದಿ ಟ್ಯಾಕ್ಸಿಗೆ ಕೈ ಅಡ್ಡ ಹಿಡಿಯೋ ನಮ್ಮ ಅಭ್ಯಾಸ ಅಲ್ಲಿ ನಡೆಯಲ್ಲ. ಹತ್ತಿಸಿಕೊಂಡು, ಸ್ವಲ್ಪ ದೂರ ಹೋದ ಮೇಲೆ ಇನ್ನಿಬ್ಬರು ಹತ್ತಿ, ಎಟಿಎಂನಿಂದ ಎಟಿಎಂಗೆ ಸುತ್ತಿಸಿ ಹಣ ತೆಗೆಸುವ ದಂಧೆ ಅಲ್ಲಿ ಹಳೆಯದು. ಕಾರ್ಡಿನ ದಿನದ ಮಿತಿ ಕಡಿಮೆ ಇಡಿ ಅಂದಿದ್ದು ಇದಕ್ಕೇ. ಆ್ಯಪಿನಿಂದ ಕರೆಸಿ, ನಂಬರ್ ಪ್ಲೇಟ್ ತಾಳೆ ನೋಡಿ ಹತ್ತಿ, ಇಲ್ಲವೇ ಹೋಟೆಲಿನವರಿಗೆ ಹೇಳಿ ತರಿಸಿ. ಊಬರ್ ಚಾಲಕ ‘ಮುಂದಿನ ಸೀಟಲ್ಲಿ ಕೂರಿ’ ಅಂದರೆ ಗಾಬರಿ ಬೇಡ. ಅಲ್ಲಿ ಊಬರಿನ ಕಾನೂನು ಸ್ಥಿತಿ ಇನ್ನೂ ಗೊಂದಲದ್ದು, ಪೊಲೀಸರ ಕಣ್ಣಿಗೆ ಸ್ನೇಹಿತರಂತೆ ಕಾಣಲಿ ಅಂತ ಹಾಗೆ ಕೇಳ್ತಾರೆ. ಪೊಲೀಸ್ ಅಂತ ಹೇಳಿಕೊಂಡು ಯಾರಾದರೂ ನಿಮ್ಮ ನೋಟು ಪರೀಕ್ಷಿಸಬೇಕು ಅಂದರೆ ಪರ್ಸ್ ತೆಗೆಯಬೇಡಿ. ‘ಕಾಯ್’ಗೆ ಹೋಗೋಣ ಅನ್ನಿ, ಬಡಾವಣೆಯ ಪೊಲೀಸ್ ಠಾಣೆಗೆ ಅಲ್ಲಿ ಹಾಗೆ ಕರೀತಾರೆ.

ಗಂಭೀರ ಅಪಾಯ ಅಂದರೆ ಸ್ಕೊಪೊಲಮಿನ್. ನಮ್ಮ ದತ್ತೂರಿಯ ಹತ್ತಿರದ ಸಂಬಂಧಿ ಗಿಡವೊಂದು ಅಲ್ಲಿ ಬೆಳೆಯುತ್ತೆ, ಎರಡರಲ್ಲೂ ಈ ವಿಷ ಇದೆ. ಪಾನೀಯದಲ್ಲಿ ಬೆರೆಸಿದರೆ ಕುಡಿದವನು ಎಚ್ಚರವಿದ್ದಂತೆ ಕಂಡರೂ ಹೇಳಿದ್ದನ್ನೆಲ್ಲ ಮಾಡುತ್ತಾ ಹೋಗ್ತಾನೆ, ಆಮೇಲೆ ನೆನಪಿರಲ್ಲ. ಡೋಸ್ ಹೆಚ್ಚಾದರೆ ಪ್ರಾಣವೇ ಹೋಗಬಹುದು. ಚೀಟಿ ಮುಟ್ಟಿಸಿ ಮರುಳು ಮಾಡ್ತಾರೆ ಅನ್ನೋ ವಾಟ್ಸಾಪ್ ಕಥೆಗಿಂತ ಹೆದರಬೇಕಾದ್ದು ಮೇಜಿನ ಮೇಲೆ ಬಿಟ್ಟುಹೋದ ಗ್ಲಾಸಿಗೆ, ಅಪರಿಚಿತರು ಕೊಟ್ಟ ಸಿಗರೇಟಿಗೆ, ಡೇಟಿಂಗ್ ಆ್ಯಪಿನ ಮೊದಲ ಭೇಟಿಗೆ. ಒಂಟಿಯಾಗಿ ಹೋಗುವ ಗಂಡಸರಿಗೇ ಈ ಮಾತು ಹೆಚ್ಚು ಅನ್ವಯ. ‘ನಮಗೇನಾಗುತ್ತೆ’ ಅನ್ನುವವರೂ ಅವರೇ.

ಊರಿನ ಎತ್ತರ ಸುಮಾರು 2,600 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಆರುನೂರು ಮೀಟರಿಗೂ ಹೆಚ್ಚು ಮೇಲೆ. ಮೊದಲ ದಿನ ತಲೆನೋವು, ಏದುಸಿರು ಸಹಜ. ಎರಡು ದಿನ ಹಗುರ ಊಟ, ನೀರು, ನಿದ್ದೆ, ಮದ್ಯ ಬೇಡ. ಮೊನ್ಸೆರಾತೆ ಬೆಟ್ಟ 3,152 ಮೀಟರ್, ಅದನ್ನು ಮೂರನೇ ದಿನಕ್ಕಿಡಿ, ಕೇಬಲ್ ಕಾರಿನಲ್ಲೇ ಹೋಗಿ. ಮೆಟ್ಟಿಲ ದಾರಿಯಲ್ಲಿ ದರೋಡೆ ನಡೆದದ್ದುಂಟು. ಇಲ್ಲಿಂದ ಕೆಟಲ್ ಒಯ್ಯೋದು ದಂಡ. ಅಲ್ಲಿ ಕರೆಂಟು 110ರಿಂದ 120 ವೋಲ್ಟ್, ನಮ್ಮ 230 ವೋಲ್ಟಿನ ಕೆಟಲ್ ಅಲ್ಲಿ ಕಾಲುಭಾಗ ಶಕ್ತಿಯಲ್ಲಿ ಮುಲುಕುತ್ತೆ.

ಕಾಗದಪತ್ರಕ್ಕೆ ಬರೋಣ. ಭಾರತೀಯರಿಗೆ ವೀಸಾ ಬೇಕು. ಅಮೆರಿಕ ಅಥವಾ ಯುರೋಪಿನ ಶೆಂಗೆನ್ ವೀಸಾ ಇದ್ದವರಿಗೆ ವಿನಾಯಿತಿ ಇದೆ, ಆದರೆ ಒಳಹೋಗುವ ದಿನ ಅದಕ್ಕೆ ಇನ್ನೂ 180 ದಿನ ವಾಯಿದೆ ಇರಬೇಕು. ಸಣ್ಣ ಅವಧಿಯ ಶೆಂಗೆನ್ ಇಟ್ಟುಕೊಂಡು ಚೆಕ್-ಇನ್ ಕೌಂಟರಿನಲ್ಲಿ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ನಿಯಮ ಬದಲಾಗುತ್ತಿರುತ್ತೆ, ಟಿಕೆಟ್ ಮಾಡುವ ಮೊದಲು ಕೊಲಂಬಿಯಾ ವಿದೇಶಾಂಗ ಇಲಾಖೆಯ ಸೈಟ್ ನೋಡಿ. ಅಮೆರಿಕದ ಮೂಲಕ ಹೋಗೋದಾದರೆ ವಿಮಾನ ಬದಲಿಸಲಿಕ್ಕೂ ಅಲ್ಲಿನ ವೀಸಾ ಬೇಕು. ಚೆಕ್-ಮಿಗ್ ಅನ್ನೋ ಕೊಲಂಬಿಯಾ ವಲಸೆ ಇಲಾಖೆಯ ಆನ್‌ಲೈನ್ ಫಾರಂ ಪ್ರಯಾಣಕ್ಕೆ 72 ಗಂಟೆ ಮೊದಲಿನಿಂದ ತುಂಬಬಹುದು, ಅದು ಪುಕ್ಕಟೆ. ದುಡ್ಡು ಕೇಳಿದ ಸೈಟು ನಕಲಿ.

ಎಲ್ಲಕ್ಕಿಂತ ಹೆಚ್ಚು ಜನ ಮರೆಯೋದು ವಾಪಸಾತಿಯನ್ನು. ಬೊಗೋಟಾದ ಎತ್ತರದಲ್ಲಿ ಹಳದಿ ಜ್ವರ ಹರಡಲ್ಲ, ಹಾಗಂತ ಲಸಿಕೆ ಬಿಡುವಂತಿಲ್ಲ. ಭಾರತ ನೋಡೋದು ಊರನ್ನಲ್ಲ, ದೇಶವನ್ನು. ಕೊಲಂಬಿಯಾದಿಂದ ಬರುವವರ ಹತ್ತಿರ ಲಸಿಕೆಯ ಹಳದಿ ಪುಸ್ತಕ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಸೂಜಿ ಹಾಕಿಸಿದ 10 ದಿನಗಳ ನಂತರವೇ ಪ್ರಮಾಣಪತ್ರ ಜಾರಿಗೆ ಬರುತ್ತೆ, ಆಮೇಲೆ ಜೀವನಪರ್ಯಂತ ನಡೆಯುತ್ತೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರದ ಪುಸ್ತಕ ಮಾತ್ರ ನಡೆಯುತ್ತೆ, ಆ ಕೇಂದ್ರಗಳಲ್ಲಿ ಬೇಕೆಂದ ದಿನ ಸರದಿ ಸಿಗಲ್ಲ, ಒಂದು ತಿಂಗಳು ಮೊದಲೇ ಗೊತ್ತು ಮಾಡಿ. ಬರುವಾಗ ಅದನ್ನು ಕೈಚೀಲದಲ್ಲಿಡಿ. ಅಲ್ಲಿನ ಸಂತೆಯಲ್ಲಿ ಕೊಳ್ಳುವ ಕೋಕಾ ಎಲೆಯ ಟೀ ಪೊಟ್ಟಣವನ್ನು ಮಾತ್ರ ಅಲ್ಲೇ ಕುಡಿದು ಮುಗಿಸಿ. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯ ಲೆಕ್ಕದಲ್ಲಿ ಕೋಕಾ ಎಲೆಯೂ ಮಾದಕ ವಸ್ತುವೇ.