ನೇಪಾಳದಿಂದ ಹೊರಡುವ ಮುಂಚೆ ತೆರಿಗೆ ಪೇಪರ್ ಇಸ್ಕೊಳ್ಳಿ
ನೇಪಾಳಕ್ಕೆ ಗುತ್ತಿಗೆ ಕೆಲಸಕ್ಕೆ ಹೋಗುವವರು ಮೊದಲು ಅಲ್ಲೇ ಒಂದು ಕಂಪನಿ ಮಾಡಿಕೊಳ್ಳಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಎರಡು ಮೂರು ತಿಂಗಳ ಕೆಲಸಕ್ಕೆ ಅದು ಸುಮ್ನೆ ಖರ್ಚು ಅಲ್ವಾ? ಅದಕ್ಕಿಂತ ಮುಖ್ಯ ತೆರಿಗೆ ಪೇಪರ್. ನನ್ನ ತಮ್ಮ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸ ಕಲಿತವನು, 2023ರಲ್ಲಿ ಕಠ್ಮಂಡು ಕಡೆ ಹೋಗಿ ಪ್ಯಾನಲ್ ಕೂರಿಸಿ ಬಂದ. ಅಲ್ಲಿನವರು ಬಿಲ್ಲಿನಲ್ಲೇ ತೆರಿಗೆ ಹಿಡಿದುಕೊಂಡಿದ್ದರು. ವರ್ಷದಲ್ಲಿ 182 ದಿನ ಭಾರತದಲ್ಲೇ ಇದ್ದರೆ ಹೊರಗಿನ ಗಳಿಕೆಯನ್ನೂ ಇಲ್ಲಿ ತೋರಿಸಬೇಕು. ಎರಡೂ ದೇಶಗಳ ನಡುವೆ ಒಪ್ಪಂದ ಇದೆ, ಅಲ್ಲಿ ಕಟ್ಟಿದ್ದನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಬಹುದು, ಆದರೆ ಅದಕ್ಕೆ ಅವನು ಹೊರದೇಶದಲ್ಲಿ ಕಟ್ಟಿದ ತೆರಿಗೆಯ ಲೆಕ್ಕ ಕೊಡುವ ಫಾರ್ಮ್ 67 ತುಂಬಬೇಕಿತ್ತು, ಜೊತೆಗೆ ತೆರಿಗೆ ಹಿಡಿದ ಸರ್ಟಿಫಿಕೇಟ್ ಬೇಕಿತ್ತು. ಅವನ ಜೇಬಲ್ಲಿ ಇದ್ದದ್ದು ಮಡಚಿ ಮಡಚಿ ಹರಿದ ಒಂದು ಬಿಲ್ ಮಾತ್ರ. ತುಮಕೂರಿನ ಆಡಿಟರ್ ಹತ್ತಿರ ನಾಲ್ಕು ಸಲ ಓಡಾಡಿದೆವು. ದಯವಿಟ್ಟು ಈ ವಿಷಯವನ್ನೂ ಲೇಖನಕ್ಕೆ ಸೇರಿಸಿ.